ಎರಡೇ ವಾರಕ್ಕೆ ಬಂದ ತಲೆ

ಕತ್ತರಿಯಣ್ಣನನ್ನು ಕೇಳಿದರೆ, ಮನುಷ್ಯನನ್ನು ತಿಳಿಯಲು ಮುಖ ನೋಡಬೇಕಾಗಿಲ್ಲ, ಹೆಕ್ಕತ್ತು ನೋಡಿದರೆ ಸಾಕು. ಮುಖ ಸುಳ್ಳು ಹೇಳೀತು, ಹೆಕ್ಕತ್ತು ಹೇಳುವುದಿಲ್ಲ. ಮೂರು ವಾರಕ್ಕೊಮ್ಮೆ ಬರುವವನು ಆರು ವಾರವಾದರೂ ಬರಲಿಲ್ಲವೆಂದರೆ ಅವನ ಕೆಲಸ ಹೋಗಿದೆ, ಇಲ್ಲವೇ ಹೆಂಡತಿ ತವರಿಗೆ ಹೋಗಿದ್ದಾಳೆ. ಐದು ವಾರಕ್ಕೊಮ್ಮೆ ಬರುವ ತಲೆ ಎರಡೇ ವಾರಕ್ಕೆ ಬಂದು ಕುರ್ಚಿಯಲ್ಲಿ ಕುಳಿತರೆ ಆ ತಲೆಯೊಳಗೆ ಯಾರೋ ಹೊಕ್ಕಿದ್ದಾರೆ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಈ ಸೂತ್ರ ಒಮ್ಮೆಯೂ ತಪ್ಪಿಲ್ಲ ಎಂದು ಅವನು ಹೇಳುತ್ತಿದ್ದ. ತಪ್ಪಿದ್ದನ್ನು ಅವನು ನೆನಪಿಟ್ಟುಕೊಂಡಿರಲಿಲ್ಲ, ಅದು ಬೇರೆ ಮಾತು.

ಆದ್ದರಿಂದ ಡ್ರಿಲ್ ಮೇಷ್ಟ್ರು ಎರಡೇ ವಾರಕ್ಕೆ ಬಂದಾಗ ಅವನ ಕಿವಿ ನೆಟ್ಟಗಾಯಿತು.

ಡ್ರಿಲ್ ಮೇಷ್ಟ್ರೆಂದರೆ ಶಾಲೆಯೊಂದರಲ್ಲಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದವರು. ವಯಸ್ಸು ಅರವತ್ತೆರಡಾದರೂ ಬೆನ್ನು ಅಳತೆಕೋಲಿನ ಹಾಗೆ ನೆಟ್ಟಗಿತ್ತು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಬೆಳಗ್ಗೆ ಆರು ಗಂಟೆಗೆ ಪಾರ್ಕಿನಲ್ಲಿ ಬಂದವರಿಗೆಲ್ಲ ವ್ಯಾಯಾಮ ಹೇಳಿಕೊಡುತ್ತಿದ್ದರು. ಕತ್ತರಿಯಣ್ಣನ ಹೆಂಡತಿ ಆ ಕ್ಲಾಸಿಗೆ ಸೇರಿ ಒಂದು ತಿಂಗಳಾಗಿತ್ತು.

"ಏನ್ ಮೇಷ್ಟ್ರೇ, ಇಷ್ಟು ಬೇಗ? ಕೂದಲಿಗೂ ವ್ಯಾಯಾಮ ಹೇಳ್ಕೊಟ್ರಾ?" ಎಂದ ಕತ್ತರಿಯಣ್ಣ, ಬಿಳಿ ಬಟ್ಟೆ ಹೊದಿಸುತ್ತ.

"ಹಾಗೇನಿಲ್ಲ. ಕಿವಿ ಹತ್ರ ಸ್ವಲ್ಪ ತೆಗೀರಿ ಸಾಕು."

ಕಿವಿಯ ಹತ್ತಿರ ತೆಗೆಯಲು ಏನೂ ಇರಲಿಲ್ಲ. ಕತ್ತರಿಯಣ್ಣ ಗಾಳಿಯನ್ನೇ ನಾಲ್ಕು ಸಲ ಕತ್ತರಿಸಿದ. ಮೇಷ್ಟ್ರು ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತಿದ್ದರು. ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಮನೆಯವರು ತುಂಬಾ ಗಟ್ಟಿಗರು ಕಣ್ರೀ," ಎಂದರು.

ಆ ಒಂದು ಮಾತು ಸಾಕಾಯಿತು. ಪರರ ಹೆಂಡತಿ ಗಟ್ಟಿಗಿತ್ತಿಯೋ ಮೆತ್ತಗಿನವಳೋ ಎಂದು ತೂಗಿ ನೋಡಲು ಈ ಮನುಷ್ಯನ ಕೈಗೆ ತಕ್ಕಡಿ ಕೊಟ್ಟವರು ಯಾರು? ಆ ಗಳಿಗೆಯಿಂದ ಕತ್ತರಿಯಣ್ಣ ಮೇಷ್ಟ್ರನ್ನು ಮನಸ್ಸಿನೊಳಗೆ ಏಕವಚನಕ್ಕಿಳಿಸಿದ. ಬಾಯಲ್ಲಿ ಮಾತ್ರ 'ನೀವು' ಉಳಿಯಿತು, ಗಿರಾಕಿ ಗಿರಾಕಿಯೇ ತಾನೆ.

ಕತ್ತರಿಯಣ್ಣನ ಮನೆಯಲ್ಲಿ ಇದ್ದವರು ಇಬ್ಬರೇ. ಮಗಳು ಮದುವೆಯಾಗಿ ಹೋಗಿದ್ದಳು. ಹೆಂಡತಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹನ್ನೆರಡು ವರ್ಷದಿಂದ ದುಡಿಯುತ್ತಿದ್ದಳು. ಮೆಷಿನ್ನಿನಿಂದ ಒದ್ದೆ ಹಾಸಿಗೆಬಟ್ಟೆಗಳನ್ನು ಎಳೆದು ತೆಗೆದು, ತಳ್ಳುಗಾಡಿಗೆ ತುಂಬಿ, ಒಣಗಿಸುವ ಮೆಷಿನ್ನಿಗೆ ಎತ್ತಿ ಹಾಕುವುದು ಅವಳ ಕೆಲಸ. ಇಬ್ಬರೂ ದಿನವಿಡೀ ನಿಲ್ಲುವವರು. ಸಂಜೆ ಮನೆಗೆ ಬಂದ ಮೇಲೆ ಮಾತು ಕಡಿಮೆ, ಟೀವಿ ಜಾಸ್ತಿ. ಅಂಗಡಿಯಲ್ಲಿ ಬೆಳಗಿನಿಂದ ಊರಿನವರ ಸುಖದುಃಖವನ್ನೆಲ್ಲ ಕೇಳಿ ಕೇಳಿ ಸುಸ್ತಾದ ಕತ್ತರಿಯಣ್ಣನಿಗೆ ಮನೆಯಲ್ಲಿ ಮತ್ತೆ ಕಿವಿ ತೆರೆಯಲು ಮನಸ್ಸಿರುತ್ತಿರಲಿಲ್ಲ.

ಈಗ ಮಾತ್ರ ಅವನ ಮೈಯೆಲ್ಲ ಕಿವಿಯಾಯಿತು. ಕೇಳಿದ್ದೆಲ್ಲ ಒಂದೇ ರಾಗ.

"ಬಕೆಟ್ ಎತ್ತುವಾಗ ಮಂಡಿ ಬಗ್ಗಿಸ್ಬೇಕಂತೆ, ಸೊಂಟ ಅಲ್ಲ. ಮೇಷ್ಟ್ರು ಹೇಳಿದ್ರು."

"ಕೂತ್ಕೊಳ್ಳೋವಾಗ ಬೆನ್ನಿಗೆ ಒಂದು ಟವೆಲ್ ಸುತ್ತಿ ಇಟ್ಕೊಳ್ಬೇಕಂತೆ. ಮೇಷ್ಟ್ರು ಹೇಳಿದ್ರು."

ಒಂದು ರಾತ್ರಿಯ ಊಟದಲ್ಲಿ ಅವನು ಮನಸ್ಸಿನಲ್ಲೇ ಎಣಿಸಿದ. ತಟ್ಟೆ ಖಾಲಿಯಾಗುವುದರೊಳಗೆ ಮೇಷ್ಟ್ರು ಹನ್ನೊಂದು ಸಲ ಬಂದಿದ್ದರು, ನೀರು ಎರಡೇ ಸಲ ಬಂದಿತ್ತು.

"ನಾನೂ ಇಪ್ಪತ್ತೊಂಬತ್ತು ವರ್ಷದಿಂದ ಏನೇನೋ ಹೇಳ್ತಾನೇ ಇದೀನಿ. ಅದ್ಯಾವುದೂ ಹೀಗೆ ನೆನಪಿಲ್ವಲ್ಲ ನಿಂಗೆ?" ಎಂದ.

"ನೀವು ಏನ್ ಹೇಳಿದ್ರೋ ಅದು ಚೆನ್ನಾಗೇ ನೆನಪಿದೆ," ಎಂದಳು ಅವಳು. ಹೇಳಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ನೆಟ್ಟಗಿನ ಬೆನ್ನನ್ನು ಕಂಡು ಅವನಿಗೆ ಮೈ ಉರಿಯಿತು. ಅದು ಆ ಮನುಷ್ಯ ಕಲಿಸಿದ ಬೆನ್ನು.

ಅಂಗಡಿಯ ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನೊಬ್ಬನಿದ್ದ. ಊರಿನ ಬೀಗಗಳನ್ನೆಲ್ಲ ತೆಗೆಯಬಲ್ಲವನು, ಸ್ವಂತ ಬಾಯಿಗೆ ಒಂದು ಬೀಗ ಹಾಕಿಕೊಳ್ಳಲಾರ. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಇಂಥವನೊಬ್ಬ ಎಲ್ಲ ಬೀದಿಯಲ್ಲೂ ಇರುತ್ತಾನೆ.

"ನಿಮ್ಮ ಮನೆಯವರು ಪಾರ್ಕಲ್ಲಿ ಬೆಂಚಿನ ಮೇಲೆ ಮೇಷ್ಟ್ರ ಜೊತೆ ಮಾತಾಡ್ತಾ ಕೂತಿದ್ರು ಕಣಣ್ಣ. ಉಳಿದವ್ರೆಲ್ಲ ಕುಣೀತಿದ್ರು, ಇವ್ರಿಬ್ರು ಮಾತ್ರ ಕೂತಿದ್ರು. ಅಲ್ಲ, ನಾನೇನೂ ಅನ್ನಲ್ಲಪ್ಪ."

ಏನೂ ಅನ್ನದವನು ಅಷ್ಟು ಅಂದು ಹೋದ. ಕಾಮಾಲೆಯಾದವನಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಕತ್ತರಿಯಣ್ಣನಿಗೆ ಆ ದಿನ ಸಾಬೂನಿನ ನೊರೆ ಕೂಡ ಹಳದಿಯಾಗಿ ಕಂಡಿತು. ಮೊದಲ ಸಲ ಬಂದುಹೋದ ಹತ್ತೇ ದಿನಕ್ಕೆ ಮೇಷ್ಟ್ರು ಮತ್ತೆ ಬಂದು ಕುರ್ಚಿಯಲ್ಲಿ ಕುಳಿತಾಗ ಅವನಿಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ. ಕೂದಲು ಒಂದು ಅಕ್ಕಿಕಾಳಿನಷ್ಟೂ ಬೆಳೆದಿರಲಿಲ್ಲ. ಬಂದವರು ಮೀಸೆ ಸರಿಮಾಡಿ ಎಂದರು. ಮತ್ತೆ ಕನ್ನಡಿಯಲ್ಲಿ ಅದೇ ನೋಟ, ಅದೇ ಬಾಯಿ ತೆರೆದು ಮುಚ್ಚುವುದು. ಈ ಸಲ ಕತ್ತರಿಯಣ್ಣ ಒಂದು ಮಾತನ್ನೂ ಆಡಲಿಲ್ಲ. ಹವಾಮಾನದ ವಿಷಯವನ್ನು ಕೂಡ ಎತ್ತಲಿಲ್ಲ. ಅವನ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಮರುದಿನ ಬೆಳಗ್ಗೆ ಐದೂವರೆಗೆ ಅವನು ಹೆಂಡತಿಗಿಂತ ಮೊದಲೇ ಎದ್ದು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನೀವೂ ಬರ್ತೀರಾ?" ಅವಳು ಕಣ್ಣರಳಿಸಿ ಕೇಳಿದಳು. ಅವಳ ಮುಖದಲ್ಲಿ ಏನೋ ಬೆಳಗಿತು. ಸಿಕ್ಕಿಬಿದ್ದವರ ಗಾಬರಿ ಅದು ಎಂದು ಅವನು ತಿಳಿದ.

ಪಾರ್ಕಿನಲ್ಲಿ ಇಪ್ಪತ್ತು ಮಂದಿ ಇದ್ದರು. ಮೇಷ್ಟ್ರು ಅವನನ್ನು ಕಂಡು ಗಲಿಬಿಲಿಗೊಂಡರು, ಆಮೇಲೆ ನಕ್ಕರು. "ಬನ್ನಿ ಬನ್ನಿ. ಹೊಸಬರು ಹಿಂದಿನ ಸಾಲು. ಬೇರೆಯವ್ರು ಹತ್ತು ಮಾಡಿದ್ರೆ ನೀವು ಮೂರು ಮಾಡಿ ಸಾಕು. ಪಾದ ಮುಟ್ಟೋ ಹಟ ಇವತ್ತು ಬೇಡ. ನೋವು ಬಂದ್ರೆ ಅಲ್ಲೇ ನಿಲ್ಸಿ, ನಾಚ್ಕೆ ಬೇಡ."

ಹಿಂದಿನ ಸಾಲಂತೆ! ಕತ್ತರಿಯಣ್ಣ ಎದೆಯುಬ್ಬಿಸಿ ಮುಂದಿನ ಸಾಲಿನಲ್ಲಿ ನಿಂತ. ಸೊಂಟನೋವೆಂದು ಗೋಳಾಡುವ ಗಿರಾಕಿಗಳಿಗೆಲ್ಲ ಅವನು ಹೇಳುತ್ತಿದ್ದ ಒಂದು ಮಾತಿತ್ತು. "ಸೊಂಟ ಇರೋರಿಗೆ ತಾನೇ ಸೊಂಟನೋವು? ನನಗಿರೋದು ಎರಡು ಕಾಲು, ಒಂದು ಕತ್ತರಿ!" ಎಂಟು ವರ್ಷದಿಂದ ಈ ಜೋಕು ಅಂಗಡಿಯಲ್ಲಿ ಓಡುತ್ತಿತ್ತು, ಪ್ರತಿಸಲವೂ ಯಾರಾದರೊಬ್ಬರು ನಗುತ್ತಿದ್ದರು. ಅಂಥ ಮನುಷ್ಯನಿಗೆ ಮೂರು ಸಾಕೇ? ಅವನು ಹನ್ನೆರಡು ಮಾಡಿದ. ಮಂಡಿ ಬಗ್ಗಿಸಿ ಎಂದರೆ ಮಂಡಿಯನ್ನು ಮರದ ಹಾಗೆ ಬಿಗಿದ. ಪಾದ ಮುಟ್ಟಬೇಡಿ ಎಂದರೆ ನೆಲವನ್ನೇ ಮುಟ್ಟಿದ.

ಹದಿಮೂರನೆಯ ಸಲ ಬಗ್ಗಿದಾಗ ಕಾಲುಗಳ ನಡುವಿನಿಂದ ತಲೆಕೆಳಗಾಗಿ ಅವನಿಗೆ ಬೆಂಚು ಕಂಡಿತು. ಬೆಂಚಿನ ಮೇಲೆ ಅವನ ಹೆಂಡತಿ ಕುಳಿತಿದ್ದಳು. ಅವಳ ಮುಂದೆ ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು, ಅವಳ ಎಡಪಾದದ ಕಡೆ ಬೆರಳು ತೋರಿಸಿ ಮೆಲ್ಲಗೆ ಏನೋ ಕೇಳುತ್ತಿದ್ದರು. ಅವಳು ತಲೆಯಾಡಿಸಿದಳು. ಇನ್ನೂ ಚೆನ್ನಾಗಿ ನೋಡೋಣವೆಂದು ಕತ್ತರಿಯಣ್ಣ ಬಗ್ಗಿದಲ್ಲೇ ಪಕ್ಕಕ್ಕೆ ತಿರುಗಿದ.

ಸೊಂಟದಲ್ಲಿ ಚಳುಕು ಹೊಡೆಯಿತು. ಒಳಗೆ ಯಾರೋ ಚಿಲಕ ಹಾಕಿದಂತಾಯಿತು. ಏಳಲಾಗಲಿಲ್ಲ, ಕೂರಲೂ ಆಗಲಿಲ್ಲ. ಬಗ್ಗಿದವನು ಬಗ್ಗಿದ ಹಾಗೇ ನಿಂತ.

"ಏನಾಯ್ತು?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

"ಅಂಗಿ ಗುಂಡಿ... ಗುಂಡಿ ಬಿದ್ದೋಯ್ತು."

ಪುಣ್ಯಾತ್ಗಿತ್ತಿ ತಾನೂ ಹುಡುಕತೊಡಗಿದಳು. ಅವಳನ್ನು ನೋಡಿ ಇನ್ನಿಬ್ಬರು ಸೇರಿಕೊಂಡರು. ಎಂದೂ ಬೀಳದ ಗುಂಡಿಗಾಗಿ ನಾಲ್ಕು ಜನ ಹುಲ್ಲು ಕೆದಕಿದರು. ಕೊನೆಗೆ ಒಬ್ಬರಿಗೆ ಒಂದು ಹಸಿರು ಗುಂಡಿ ಸಿಕ್ಕೇಬಿಟ್ಟಿತು, ಯಾವುದೋ ಮಗುವಿನ ಸ್ವೆಟರಿನದು. "ಇದೇ ಇದೇ," ಎಂದು ಕತ್ತರಿಯಣ್ಣ ಅದನ್ನು ಇಸಿದುಕೊಂಡು, ಮಂಡಿಯ ಮೇಲೆ ಕೈಯೂರಿ ಬೆರಳಳತೆಯಲ್ಲಿ ಮೇಲೆದ್ದ. ಕಣ್ಣಲ್ಲಿ ನೀರು ತುಂಬಿತ್ತು. ಗುಂಡಿ ಸಿಕ್ಕ ಸಂತೋಷವೆಂದು ಆ ಹೆಂಗಸು ತಿಳಿದಿರಬೇಕು.

ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ಹಾಸಿಗೆಯಿಂದ ಏಳುವ ಕೆಲಸವನ್ನು ಅವನು ನಾಲ್ಕು ಕಂತಿನಲ್ಲಿ ಮಾಡುತ್ತಿದ್ದ. ಚಪ್ಪಲಿ ಒಂದು ಮೊಳ ದೂರದಲ್ಲಿದ್ದರೆ ಪರವೂರಿನಲ್ಲಿ ಇದ್ದಂತೆ. ಸೀನು ಬರುವ ಹಾಗಾದರೆ ಗೋಡೆ ಹಿಡಿದು ಪ್ರಾರ್ಥಿಸುತ್ತಿದ್ದ. ಅಂಗಡಿಯಲ್ಲಂತೂ, ಎಡಗಾಲ ಮೇಲೆ ಭಾರ ಹಾಕಿ ಬಲಕ್ಕೆ ಬಾಗುವ ಇಪ್ಪತ್ತಾರು ವರ್ಷದ ಅಭ್ಯಾಸ ಈಗ ಪ್ರತಿ ತಲೆಗೂ ಒಂದೊಂದು ಬರೆ ಎಳೆಯುತ್ತಿತ್ತು. ಬೀಗದವನು ಬಾಗಿಲಲ್ಲಿ ನಿಂತು ನೋಡಿದ. "ಸೊಂಟ ಇರೋರಿಗೆ ತಾನೇ ಸೊಂಟನೋವು, ಕತ್ತರಿಯಣ್ಣ? ನಿಮಗ್ಯಾವಾಗ ಬಂತು ಸೊಂಟ?" ಎಂದ. ಸ್ವಂತ ಜೋಕು ಇಷ್ಟು ಕೆಟ್ಟದಾಗಿದೆಯೆಂದು ಅವನಿಗೆ ಮೊದಲ ಸಲ ತಿಳಿಯಿತು.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅದು ಮೇಷ್ಟ್ರ ಕಿವಿಗೆ ಹೋಗುತ್ತದೆ, ಇಬ್ಬರೂ ಬೆಂಚಿನ ಮೇಲೆ ಕೂತು ನಗುತ್ತಾರೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ನುಂಗಲಾರದೆ ಉಗುಳಲಾರದೆ ಇದ್ದ. ರಜೆಯ ದಿನ, ತಲೆನೋವೆಂದು ಸುಳ್ಳು ಹೇಳಿ, ಬೆಳಗಿನಿಂದ ಸಂಜೆಯವರೆಗೆ ಮಲಗೇ ಇದ್ದ. ಸಂಜೆಗೆ ನೋವು ಎರಡರಷ್ಟಾಯಿತು.

ಅವಳು ಬಂದು ಬಾಗಿಲಲ್ಲಿ ನಿಂತು ಅವನನ್ನು ಸ್ವಲ್ಪ ಹೊತ್ತು ನೋಡಿದಳು.

"ಸೊಂಟನಾ?"

"ಏನಿಲ್ಲ."

"ಮಲಗೇ ಇರ್ಬೇಡಿ ರೀ, ಬಿಗಿದ್ಕೊಳ್ಳುತ್ತೆ. ನೆಟ್ಟಗೆ ಏಳ್ಬೇಡಿ, ಮಗ್ಗುಲಾಗಿ. ಮೊದ್ಲು ಕಾಲು ಕೆಳಗೆ ಬಿಡಿ. ಈಗ ಕೈ ಊರಿ. ಹಾಂ. ಐದು ನಿಮಿಷ ಮನೇಲೇ ಓಡಾಡಿ, ಆಮೇಲೆ ಮಲಗಿ."

ಅವಳು ಹೇಳಿದ ಹಾಗೆ ಮಾಡಿದಾಗ ಕಣ್ಣಲ್ಲಿ ನೀರು ಬರದೆ ಎದ್ದುನಿಂತ. ಓಡಾಡಿ ಬಂದು ಮಲಗಿದಾಗ ಮಂಡಿಯ ಕೆಳಗೆ ದಿಂಬು ಇಟ್ಟಳು. ಬಟ್ಟೆಗಳ ಕಪಾಟಿನ ಕೆಳಗಿನ ಖಾನೆಯಲ್ಲಿ ಕೈಹಾಕಿ, ಸೀರೆಗಳ ಹಿಂದಿನಿಂದ ಒಂದು ರಬ್ಬರಿನ ಬಿಸಿನೀರ ಚೀಲ ತೆಗೆದಳು. ಅದಕ್ಕೆ ನೀಲಿ ಚೌಕುಳಿಯ ಹತ್ತಿಬಟ್ಟೆಯ ಹೊದಿಕೆ ಹೊಲಿದಿತ್ತು, ಒಗೆದು ಒಗೆದು ಬಣ್ಣ ಮಾಸಿತ್ತು. ನೀರು ಎಷ್ಟು ಬಿಸಿಯಿರಬೇಕು, ಚೀಲ ಎಷ್ಟು ತುಂಬಿಸಬೇಕು, ಎಲ್ಲಿ ಇಟ್ಟರೆ ಹಿತ, ಅವಳಿಗೆ ಎಲ್ಲವೂ ಗೊತ್ತಿತ್ತು. ಅವಳು ಇಟ್ಟ ಜಾಗ ನೋವಿನ ನಡುಮಧ್ಯವೇ ಆಗಿತ್ತು.

ಎಷ್ಟು ಹಿತವಾಯಿತೆಂದರೆ, ಒಂದು ಗಳಿಗೆ ಅವನು ಹೊಟ್ಟೆಕಿಚ್ಚನ್ನೇ ಮರೆತ. ಮರುಗಳಿಗೆ ಅದು ಇಮ್ಮಡಿಯಾಗಿ ಬಂತು.

"ಇದೆಲ್ಲ ಎಲ್ಲಿ ಕಲಿತೆ? ಅವರು ಹೇಳ್ಕೊಟ್ರಾ?"

"ಹೂಂ ಅನ್ಕೊಳ್ಳಿ," ಎಂದಳು ಅವಳು, ಚೀಲ ಸರಿಮಾಡುತ್ತ.

ಚೀಲವನ್ನೂ ಅವನೇ ಕೊಟ್ಟಿರಬೇಕು. ಸತ್ತ ಹೆಂಡತಿಯದಿರಬೇಕು. ಆ ಚೌಕುಳಿ ಬಟ್ಟೆಯನ್ನು ಎಲ್ಲೋ ಕಂಡಂತಿತ್ತು. ಆದರೆ ಉರಿಯುವ ತಲೆಯಲ್ಲಿ ಅಂಥ ಸಣ್ಣ ನೆನಪಿಗೆ ಜಾಗವಿರಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ, ಪರಗಂಡಸಿನ ಶಾಖದಲ್ಲಿ ಬೆನ್ನು ಕಾಯಿಸಿಕೊಳ್ಳುತ್ತ ಹಲ್ಲು ಕಡಿದ.

ಸೊಂಟ ಹಿಡಿದ ಎಂಟನೆಯ ದಿನ ಮಧ್ಯಾಹ್ನ ಮೇಷ್ಟ್ರು ಮೂರನೆಯ ಸಲ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲಾಚೆ ಬೀಗದವನು ಅರ ಹಾಕುವ ಸದ್ದು ಮಾತ್ರ ಇತ್ತು.

"ಶೇವಿಂಗ್ ಮಾಡಿ," ಎಂದರು ಮೇಷ್ಟ್ರು.

ಮೂವತ್ತು ವರ್ಷದಿಂದ ಮನೆಯಲ್ಲೇ ಗಡ್ಡ ಹೆರೆದುಕೊಳ್ಳುವ ಮನುಷ್ಯ ಅವರು. ಅವರ ಕೆನ್ನೆ ಆ ಬೆಳಗ್ಗೆಯೇ ಬ್ಲೇಡು ಕಂಡಿತ್ತೆಂದು ಕತ್ತರಿಯಣ್ಣನಿಗೆ ಬೆರಳಿನಲ್ಲೇ ತಿಳಿಯಿತು. ನೊರೆ ಹಚ್ಚಿದ. ಕತ್ತಿಗೆ ಹೊಸ ಬ್ಲೇಡು ಹಾಕಿದ. ಎರಡೂ ಕೆನ್ನೆ ಮುಗಿಸಿ, ಕತ್ತು ಹಿಂದಕ್ಕೆ ಬಾಗಿಸಿ, ಗಲ್ಲದ ಕೆಳಗೆ ಬರಲು ಬಗ್ಗಿದ. ಬಗ್ಗಲಾಗಲಿಲ್ಲ. ಬಾಯಿಂದ "ಅಮ್ಮಾ" ಬಂದುಬಿಟ್ಟಿತು.

"ಕುರ್ಚಿ ಮೇಲಕ್ಕೆತ್ತಿ," ಎಂದರು ಮೇಷ್ಟ್ರು, ಕಣ್ಣು ತೆರೆಯದೆ. "ನೀವು ಬಗ್ಗೋ ಬದಲು ನನ್ನನ್ನ ಎತ್ತಿ. ಒಂದು ಕಾಲು ಆ ಸ್ಟೂಲಿನ ಮೇಲಿಡಿ, ಅರ್ಧ ಭಾರ ಇಳಿಯುತ್ತೆ. ಆ ಗುಂಡಿ ಹುಡುಕಿದ ದಿನವೇ ನನಗೆ ಗೊತ್ತಾಯ್ತು. ನೀವು ನಾಚ್ಕೊಂಡ್ರಿ, ನಾನೂ ಸುಮ್ಮನಾದೆ."

ತನ್ನ ಅಂಗಡಿ, ತನ್ನ ಕುರ್ಚಿ, ತನ್ನ ಸ್ಟೂಲು. ಇಲ್ಲೂ ಇವನದೇ ಪಾಠ! ಕತ್ತರಿಯಣ್ಣ ಪೆಡಲ್ ಒತ್ತಿ ಕುರ್ಚಿ ಎತ್ತಿದ. ಸ್ಟೂಲಿನ ಮೇಲೆ ಕಾಲಿಟ್ಟ. ನೋವು ಇಳಿದೇ ಬಿಟ್ಟಿತು, ಅದಂತೂ ಇನ್ನೂ ದೊಡ್ಡ ಅವಮಾನ. ಕತ್ತಿಯ ಅಲಗನ್ನು ಗಂಟಲ ಮೇಲಿಟ್ಟು ಅವನು ಕೇಳಿಯೇಬಿಟ್ಟ:

"ಮೇಷ್ಟ್ರೇ, ದಿನಾ ಬೆಂಚಿನ ಮೇಲೆ ನನ್ನ ಹೆಂಡ್ತಿ ಹತ್ರ ಏನ್ ಮಾತಾಡ್ತೀರಿ?"

ಹೊರಗೆ ಅರದ ಸದ್ದು ನಿಂತಿತು. ಮೇಷ್ಟ್ರ ಗಂಟಲಮಣಿ ಅಲಗಿನ ಕೆಳಗೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅವರು ಬೆರಳೆತ್ತಿ ಕತ್ತಿಯನ್ನು ತೋರಿಸಿದರು. ಕತ್ತರಿಯಣ್ಣ ಅದನ್ನು ಹಿಂದಕ್ಕೆ ತೆಗೆದ.

"ಅದನ್ನ ಹೇಳೋಕೇ ಮೂರು ಸಲ ಬಂದೆ," ಎಂದರು ಮೇಷ್ಟ್ರು. "ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ, ಅದಕ್ಕೇ ಬಾಯಿ ಬರ್ಲಿಲ್ಲ. ಈಗ ಮಾತು ಮುರೀತೀನಿ, ಪಾಪ ಬಂದ್ರೆ ನನಗಿರಲಿ. ಅವರ ಸೊಂಟ ಕೆಟ್ಟಿದೆ ಕಣ್ರೀ. ನಿಮ್ಮದು ಬರೀ ಉಳುಕು, ಹುರುಪಿನಲ್ಲಿ ಮಾಡ್ಕೊಂಡಿದ್ದು, ನಿಧಾನವಾಗಿ ಓಡಾಡ್ಕೊಂಡಿದ್ರೆ ಹೋಗುತ್ತೆ. ಅವರದು ಹಾಗಲ್ಲ. ನೋವು ಎಡಗಾಲಿಗೆ ಇಳೀತಿದೆ. ಒಂದು ತಿಂಗಳಿಂದ ಹೆಬ್ಬೆರಳು ಜೋಮು ಹಿಡಿದಿದೆ, ಚಪ್ಪಲಿ ಜಾರಿದ್ರೂ ಗೊತ್ತಾಗ್ತಿಲ್ಲ. ನಾನು ಸೀಟಿ ಊದೋನು, ಡಾಕ್ಟರಲ್ಲ. ವ್ಯಾಯಾಮ ನಿಲ್ಸಿ ಬೆಂಚಿನ ಮೇಲೆ ಕೂರಿಸಿದೀನಿ. ಆಸ್ಪತ್ರೆಗೆ ಹೋಗಿ ಅಂತ ದಿನಾ ಹೇಳ್ತೀನಿ, ಆಯ್ತು ಅಂತಾರೆ, ಹೋಗಲ್ಲ."

"ಒಂದು ತಿಂಗಳಿಂದಲಾ?"

"ಜೋಮು ಒಂದು ತಿಂಗಳಿಂದ. ನೋವು ಎಂಟು ವರ್ಷದಿಂದ ಅಂದ್ರು." ಮೇಷ್ಟ್ರು ಕನ್ನಡಿಯಲ್ಲಿ ಅವನನ್ನು ನೋಡಿದರು. "ನಿಮಗೆ ಗೊತ್ತಿರ್ಲಿಲ್ವಾ?"

ಬಾಗಿಲಲ್ಲಿ ಬೀಗದವನು ಬಂದು ನಿಂತಿದ್ದ. ಕತ್ತರಿಯಣ್ಣ ಕಂಡಂತೆ ಅದೇ ಮೊದಲ ಸಲ ಅವನು ಏನೂ ಅನ್ನದೆ ತಿರುಗಿ ಹೋದ.

ಕತ್ತರಿಯಣ್ಣ ಗಲ್ಲದ ಕೆಳಗೆ ಉಳಿದದ್ದನ್ನು ಹೆರೆದು ಮುಗಿಸಿದ. ಕಸುಬಿನ ಕೈ ತನ್ನ ಕೆಲಸ ತಾನು ಮಾಡಿತು. ಒಳಗೆ ಮಾತ್ರ, ಇಷ್ಟು ದಿನ ಸುಳ್ಳು ಕಾರಣಕ್ಕೆ ಉರಿಯುತ್ತಿದ್ದ ಹೊಟ್ಟೆ ಈಗ ನಿಜವಾದ ಕಾರಣಕ್ಕೆ ಉರಿಯತೊಡಗಿತು. ಈ ಮನುಷ್ಯ ಅವಳನ್ನು ಕದ್ದಿದ್ದರೆ ಬೈಯಬಹುದಿತ್ತು, ಹೊಡೆಯಬಹುದಿತ್ತು. ಇವರು ಕದ್ದಿಲ್ಲ. ಎಂಟು ವರ್ಷ ತನ್ನ ಪಕ್ಕದಲ್ಲೇ ಮಲಗಿದ್ದ ನೋವನ್ನು ಎರಡು ತಿಂಗಳೊಳಗೆ ತಿಳಿದುಕೊಂಡಿದ್ದಾರೆ, ಅಷ್ಟೇ. ಯಾವ ತಲೆಯಲ್ಲಿ ಹೊಟ್ಟಿದೆ, ಯಾರಿಗೆ ನಿದ್ದೆಯಿಲ್ಲ, ಯಾರ ಮಗ ಫೇಲಾದ, ಊರಿನದೆಲ್ಲ ಗೊತ್ತಿರುವವನಿಗೆ ಇದು ಗೊತ್ತಿರಲಿಲ್ಲ. ದೀಪದ ಬುಡ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಅವನಿಗೆ ಮೇಷ್ಟ್ರ ಮೇಲೆ ಹಿಂದೆಂದೂ ಇಲ್ಲದಷ್ಟು ಅಸೂಯೆಯಾಯಿತು.

ಮೇಷ್ಟ್ರು ಹೋದ ಮೇಲೆ ಅವರಿಗೆ ಹೊದಿಸಿದ್ದ ಬಟ್ಟೆಯನ್ನು ಕೊಡವಿ ಮಡಿಸಿದ. ಆಗ ಆ ನೀಲಿ ಚೌಕುಳಿ ನೆನಪಾಯಿತು. ಅದು ಅವನದೇ ಅಂಗಿ. ಮಗಳು ಕಾಲೇಜು ಸೇರಿದ ವರ್ಷ ತೋಳು ಹರಿದು ಎಸೆದಿದ್ದ ಅಂಗಿ. ಎಸೆದು ಎಂಟು ವರ್ಷವಾಗಿತ್ತು.

ಹಗಲಲ್ಲೇ ಅಂಗಡಿ ಮುಚ್ಚಿ ಅವನು ಹೋಟೆಲಿನ ಹಿಂದಿನ ಗೇಟಿಗೆ ಹೋದ. ಹನ್ನೆರಡು ವರ್ಷದಲ್ಲಿ ಅವನು ಅಲ್ಲಿಗೆ ಬಂದಿದ್ದು ಅದೇ ಮೊದಲು. ಸಾಬೂನಿನ ಹಬೆ ಹೊರಬರುವ ಕಿಟಕಿ, ಪಕ್ಕದಲ್ಲಿ ಏಳು ಮೆಟ್ಟಿಲು. ಕೆಲಸ ಮುಗಿದು ಹೆಂಗಸರು ಗುಂಪಾಗಿ ಇಳಿದು ಬಂದರು. ಅವರೆಲ್ಲ ಹೋದ ಮೇಲೆ, ಕೊನೆಗೆ, ಒಬ್ಬಳೇ ಬಂದಳು. ಕಂಬಿ ಹಿಡಿದು, ಮೈ ಅಡ್ಡ ಮಾಡಿ, ಬಲಗಾಲು ಮೊದಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಂಡು, ಒಂದೊಂದೇ ಮೆಟ್ಟಿಲು. ಮನೆಯಲ್ಲಿ ಮೆಟ್ಟಿಲಿಲ್ಲ. ಇದ್ದಿದ್ದರೆ ನೋಡುತ್ತಿದ್ದೆನೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಅವನಿಗೆ ಇಷ್ಟವಾಗಲಿಲ್ಲ.

ಅವನನ್ನು ಕಂಡು ಅವಳು ಬೆದರಿದಳು. "ಏನಾಯ್ತು? ಮಗಳಿಗೇನಾದ್ರೂ..."

"ಮಗಳು ಚೆನ್ನಾಗಿದಾಳೆ. ನಿನ್ನ ಕಾಲು ಎಷ್ಟು ದಿನದಿಂದ ಹೀಗಿದೆ?"

ಅವಳು ಕಂಬಿ ಬಿಡಲಿಲ್ಲ. "ಮೇಷ್ಟ್ರು ಹೇಳಿದ್ರಾ?"

ಆ ಮಾತು ಈ ಸಲ ಅವನ ಎದೆಗೇ ತಾಗಿತು. "ಹೂಂ, ಮೇಷ್ಟ್ರು ಹೇಳಿದ್ರು. ನೀನ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ," ಎಂದಳು ಅವಳು. ಸಿಟ್ಟಿಲ್ಲದೆ ಹೇಳಿದಳು. "ಒಂದ್ಸಲ ಹೇಳಿದ್ದೆ. ನೀವು ಅಂಗಡಿಯಿಂದ ಬಂದು ಕೂತಿದ್ರಿ. ಸೊಂಟ ತುಂಬಾ ನೋಯ್ತಿದೆ ರೀ ಅಂದೆ. ಸೊಂಟ ಇರೋರಿಗೆ ತಾನೇ ಸೊಂಟನೋವು, ನನಗಿರೋದು ಎರಡು ಕಾಲು ಒಂದು ಕತ್ತರಿ ಅಂದ್ರಿ. ನಿಮಗೇ ನಗು ತಡೀಲಿಲ್ಲ. ಮಾರನೇ ದಿನ ನಿಮಗೆ ಊಟ ಕೊಡೋಕೆ ಅಂಗಡಿಗೆ ಬಂದೆ. ಅದನ್ನೇ ಗಿರಾಕಿಗಳಿಗೆ ಹೇಳ್ತಿದ್ರಿ, ಎಲ್ಲರೂ ನಗ್ತಿದ್ರು. ಆಮೇಲೆ ಮತ್ತೆ ಹೇಳೋಕೆ ಮನಸ್ಸಾಗ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟು ವರ್ಷ ಅಂಗಡಿಯಲ್ಲಿ ಅವನು ಮಾರಿದ ನಗು ಎಲ್ಲಿಂದ ಬಂದದ್ದೆಂದು ಅವನಿಗೆ ಈಗ ನೆನಪಾಯಿತು.

"ಅವರಿಗೆ ಹೇಗೆ ಹೇಳ್ದೆ?"

"ಮೊದಲ ದಿನವೇ ಕೇಳಿದ್ರು. ಎಲ್ಲರನ್ನೂ ಕೇಳ್ತಾರೆ, ಎಲ್ಲಾದ್ರೂ ನೋವಿದೆಯಾ ಅಂತ. ಕೇಳಿದ್ರು, ಹೇಳ್ದೆ." ಅವಳೇ ಮುಂದುವರಿಸಿದಳು. "ನೀವು ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ನಿಂತ ದಿನ, ನಿಮಗೆ ಹೇಗೋ ಗೊತ್ತಾಗಿದೆ, ನನಗೋಸ್ಕರ ಬರ್ತಿದೀರಿ ಅಂದ್ಕೊಂಡೆ."

ಅವನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಮುಂದೆ ಬಂದು ಕಂಬಿಯಿಲ್ಲದ ಕಡೆ ನಿಂತು ತೋಳು ಕೊಟ್ಟ. ಅವಳು ಹಿಡಿದಳು. ಉಳಿದ ಮೂರು ಮೆಟ್ಟಿಲನ್ನು ಇಬ್ಬರೂ ಅಡ್ಡಡ್ಡವಾಗಿ ಇಳಿದರು, ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಆಸರೆಯಾಗಿ. ಯಾರು ಯಾರನ್ನು ಇಳಿಸುತ್ತಿದ್ದಾರೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

"ಆಪರೇಷನ್ ಅಂದ್ಬಿಟ್ರೆ?" ಎಂದಳು ಗೇಟಿನ ಹತ್ತಿರ. "ಅದಕ್ಕೇ ಹೋಗ್ಲಿಲ್ಲ. ಒಬ್ಬಳೇ ಕೇಳಿಸ್ಕೊಳ್ಳೋಕೆ ಹೆದರಿಕೆ."

"ನಾಳೆ ಹೋಗೋಣ. ಅಂಗಡಿ ತೆಗೆಯಲ್ಲ."

ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಿಟಕಿಯ ಮುಂದೆ ಅವರಿಬ್ಬರೂ ನಿಂತಿದ್ದರು. ಕುರ್ಚಿಗಳು ಖಾಲಿಯಿದ್ದವು, ಆದರೆ ಕೂತು ಏಳುವ ಕಷ್ಟ ಬೇಡವೆಂದು ಇಬ್ಬರೂ ನಿಂತೇ ಇದ್ದರು, ಇಬ್ಬರದೂ ಒಂದೊಂದು ಕೈ ಸೊಂಟದ ಮೇಲೆ. ಅಲ್ಲಿ ಕುಳಿತಿದ್ದ ನರ್ಸು ಪೆನ್ನು ಹಿಡಿದು ಒಬ್ಬರನ್ನು ನೋಡಿದಳು, ಆಮೇಲೆ ಇನ್ನೊಬ್ಬರನ್ನು.

"ತೊಂದರೆ ಯಾರಿಗೆ?"

"ಇಬ್ಬರಿಗೂ ಸೊಂಟನೋವು," ಎಂದ ಕತ್ತರಿಯಣ್ಣ.

"ಎಷ್ಟು ದಿನದಿಂದ?"

"ಒಂಬತ್ತು ದಿನ," ಎಂದ ಅವನು.

"ಎಂಟು ವರ್ಷ," ಎಂದಳು ಅವಳು.

ನರ್ಸು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವಳು ನೋಡಿದ್ದು ಹೆಂಡತಿಯನ್ನಲ್ಲ, ಅವನನ್ನು. ಕತ್ತರಿಯಣ್ಣ ಆ ನೋಟಕ್ಕೆ ಕಣ್ಣು ತಗ್ಗಿಸಿದ.

"ಮೊದಲು ಅವಳದು ಬರ್ಕೊಳ್ಳಿ," ಎಂದ.